ಹೆಣದ ಅಳತೆ

ತ್ರಿವಿಕ್ರಮ ಎಂಬಾತ ತನ್ನ ತಾತನ ಕಾಲದ ಕಾರಿನ ಬಾಗಿಲನ್ನು ಜಾಲಹಳ್ಳಿಯ ನನ್ನ ಮರಗೆಲಸದ ಶೆಡ್ಡಿಗೆ ತಂದ. ತಗಡಿನ ಒಳಗಿದ್ದ ಮರದ ಚೌಕಟ್ಟು ಕೊಳೆತು ಜೋತುಬಿದ್ದಿತ್ತು. ಅದನ್ನು ಸ್ಕ್ಯಾನ್ ಮಾಡಿಸಿ ತೆಗೆಸಿದ್ದ ನಕ್ಷೆಯನ್ನು ನನ್ನ ಕೈಗಿಟ್ಟು, "ಪಿಳ್ಳಪ್ಪನವರೇ, ಒಂದು ಮಿಲಿಮೀಟರ್ ಕೂಡ ಆಚೀಚೆ ಆಗ್ಬಾರ್ದು," ಎಂದ.

"ಈ ಮರ ಎಂಬತ್ತು ವರ್ಷ ಭಾರ ಹೊತ್ತು ಕುಸಿದೈತೆ ಸಾರ್. ಕಾರನ್ನೇ ತನ್ನಿ, ಬಾಗಿಲು ಕೂರೋ ಜಾಗ ನೋಡಿ ಅಳೀತೀನಿ. ಹೆಣದ ಅಳತೆ ತಗೊಂಡು ಮದುವೆಗೆ ಅಂಗಿ ಹೊಲಿಸ್ತಾರಾ?"

"ನಿಮ್ಮ ಕಣ್ಣಳತೆಗಿಂತ ಕಂಪ್ಯೂಟರ್ ಕರೆಕ್ಟಾಗಿರುತ್ತೆ ಕಣ್ರೀ."

ನಲವತ್ತು ವರ್ಷ ಉಳಿ ಹಿಡಿದವನಿಗೆ ಹೇಳುವ ಮಾತೇ ಇದು? ಮೈಯೆಲ್ಲ ಉರಿದುಹೋಯಿತು. ಆಮೇಲೆ ಮರ ಸರಿಯಿಲ್ಲವೆಂದು ಅವನು ನೆಪ ಹೇಳಬಾರದು. ಅದಕ್ಕೇ, ಹನ್ನೆರಡು ವರ್ಷ ನೆರಳಲ್ಲಿ ಒಣಗಿಸಿ ಯಾರಿಗೂ ಕೊಡದೆ ಇಟ್ಟಿದ್ದ ತೇಗದ ತುಂಡನ್ನು ಹೊರಗೆಳೆದೆ. ಹುಟ್ಟಿನಿಂದಲೇ ಬಾಗಿ ಬೆಳೆದ ಮರ, ಇಂಥ ಬಾಗಿಲಿಗೆಂದೇ ಬೆಳೆದಂತಿತ್ತು. ನಕ್ಷೆಯಲ್ಲಿದ್ದ ಕುಸಿತವನ್ನೂ ಬಿಡದೆ ಕೊರೆದೆ. ಅವನ ಸೊಕ್ಕು ಮುರಿಯಬೇಕಿತ್ತು.

ಹೆಬ್ಬಾಳದ ಅವನ ಮನೆಯಲ್ಲಿ ಬಾಗಿಲು ಕೂರಿಸಿದೆವು. ಬೀಗದ ಕಡೆ ಒಂದು ಬೆರಳಷ್ಟು ಕೆಳಗೆ ಜೋತುಬಿತ್ತು.

"ಇದ್ಯಾಕ್ರೀ ಹಿಂಗಾಯ್ತು?"

"ನಿಮ್ಮ ನಕ್ಷೆ ಇಂಗೇ ಐತೆ ಸಾರ್. ಒಂದು ಮಿಲಿಮೀಟರೂ ಆಚೀಚೆ ಇಲ್ಲ."

ಅವನ ಮುಖ ಸಪ್ಪಗಾಯಿತು. "ತಪ್ಪು ನಂದೇ," ಎಂದ. "ನೀವು ಹೇಳ್ದಂಗೇ ಅಳೆದು, ಇಂಥದ್ದೇ ಮರದಲ್ಲಿ ಇನ್ನೊಂದು ಮಾಡ್ಕೊಡಿ."

ನನ್ನ ಹತ್ತಿರ ಇದ್ದದ್ದು ಅದೊಂದೇ ತುಂಡು. ಗೊತ್ತಿದ್ದೂ ಕೊರೆದವನು ನಾನು. ಸಿಟ್ಟಿಗೆ ಬಾಗಿಲನ್ನು ಧಡಾರನೆ ತಳ್ಳಿದೆ. ಅದು ಮುಚ್ಚಲೂ ಇಲ್ಲ.