ಹದಿನಾಲ್ಕಕ್ಕೇ ಕೊಡಬೇಕಾದ ಮಾತು

ಬೆಳಿಗ್ಗೆ ಆರು ಗಂಟೆಗೆ ಗ್ಲೆನ್ ಮಕ್ಕೆಲಾ ಊರಿನ ಐಸ್ ಹಾಕಿ ಅಂಗಣದಲ್ಲಿ ಐಸಿನ ಗಾಡಿ ಓಡಿಸುತ್ತಿದ್ದ. ಹಿಂದಿನ ದಿನದ ಸ್ಕೇಟಿನ ಗೀರುಗಳನ್ನು ಹೆರೆದು, ಮೇಲೆ ಬಿಸಿನೀರು ಹರಿಸಿ, ಐಸನ್ನು ಮತ್ತೆ ನುಣುಪು ಮಾಡುವುದು ಹದಿನಾರು ವರ್ಷದಿಂದ ಅವನ ಕೆಲಸ. ಗಾಡಿ ಮೂಲೆ ತಿರುಗುವಾಗ, ಕಾಫಿ ಲೋಟ ಹಿಡಿದು ಬಾಗಿಲ ಬಳಿ ನಿಂತಿದ್ದ ಗಣಿ ಕೆಲಸದ ಡ್ವೇನ್ ಕೂಗಿ ಕೇಳಿದ.

"ಏನಯ್ಯ ಗ್ಲೆನ್, ಮಗಳು ಹೂಂ ಅಂದ್ಳಾ?"

"ಶನಿವಾರದವರೆಗೆ ಟೈಮ್ ಕೊಟ್ಟಿದ್ದಾರೆ."

"ಅದಕ್ಯಾಕಪ್ಪ ಟೈಮು? ಅಂಥಾ ಕಾಲೇಜು ನನ್ನ ಮಗನ್ನ ಕರೆದಿದ್ರೆ, ನಾನೇ ಹೋಗಿ ಅಲ್ಲಿ ನೆಲ ಒರೆಸ್ಕೊಂಡು ಇದ್ದುಬಿಡ್ತಿದ್ದೆ."

ಗ್ಲೆನ್ ನಕ್ಕ. ಒಳಗೊಳಗೇ ಅವನಿಗೆ ಹಿಗ್ಗು. ಅವನ ಮಗಳು ಬ್ರಿಟಾಗೆ ಆಗ ಹದಿನಾಲ್ಕು. ಮಿನೆಸೋಟದ ಉತ್ತರದ ಆ ಗಣಿ ಊರಿನಲ್ಲಿ ಮಕ್ಕಳು ನಡೆಯಲು ಕಲಿತ ಮರುವರ್ಷವೇ ಸ್ಕೇಟ್ ಕಟ್ಟಿಕೊಳ್ಳುತ್ತಾರೆ. ಆದರೆ ಬ್ರಿಟಾಳಂಥ ಆಟವನ್ನು ಅಲ್ಲಿನ ಹಳಬರೂ ಕಂಡಿರಲಿಲ್ಲ. ಆಡುವಾಗ ಅವಳು, ಐಸಿನ ಮೇಲೆ ಚೆಂಡಿನ ಬದಲು ಬಳಸುವ ಆ ರಬ್ಬರ್ ಬಿಲ್ಲೆಯನ್ನು ನೋಡುತ್ತಲೇ ಇರಲಿಲ್ಲ. ಬಿಲ್ಲೆ ತಾನಾಗಿ ಅವಳ ಕೋಲಿಗೆ ಅಂಟಿಕೊಂಡು ಬರುತ್ತಿತ್ತು. ಮೂವರು ಎದುರಾಳಿಗಳ ನಡುವೆ, ನೀರು ಕಲ್ಲುಗಳ ಸಂದಿಯಲ್ಲಿ ನುಸುಳಿದ ಹಾಗೆ ನುಸುಳಿ ಆಚೆ ಹೋಗಿಬಿಡುತ್ತಿದ್ದಳು. ಗ್ಯಾಲರಿಯಿಂದ ಚಪ್ಪಾಳೆ ಬೀಳುವಷ್ಟರಲ್ಲಿ ಬಿಲ್ಲೆ ಗೋಲಿನಲ್ಲಿರುತ್ತಿತ್ತು. ಇವಳು ನನ್ನ ಮಗಳೇನಾ ಎಂದು ಗ್ಲೆನ್‌ಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಅಕ್ಟೋಬರ್‌ನಲ್ಲಿ ಮನೆಮಂದಿಯೆಲ್ಲ ನಾಲ್ಕು ಗಂಟೆ ಕಾರಿನಲ್ಲಿ ಹೋಗಿ ಕಾಲೇಜು ನೋಡಿ ಬಂದಿದ್ದರು. ಹೆಂಗಸರ ಹಾಕಿ ತಂಡದ ಕೋಚ್ ಹ್ಯಾಲ್ವರ್‌ಸನ್ ಎಲ್ಲರನ್ನೂ ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ನೇರವಾಗಿ ಹೇಳಿದ್ದರು. "ಬ್ರಿಟಾ, ನೀನು ಹದಿನೆಂಟಕ್ಕೆ ಹೈಸ್ಕೂಲು ಮುಗಿಸೋ ವರ್ಷ ನಮ್ಮಲ್ಲಿ ನಿನಗೊಂದು ಜಾಗ ಇರುತ್ತೆ. ಓದಿನ ಖರ್ಚೆಲ್ಲ ನಮ್ಮದು. ನೀನು ಹೂಂ ಅಂದ್ರೆ ಸಾಕು. ಡಿಸೆಂಬರ್ ಮೊದಲ ಶನಿವಾರದ ಒಳಗೆ ತಿಳಿಸು. ನೀನು ಬೇಡ ಅಂದ್ರೆ ಆ ಜಾಗ ಇನ್ನೊಬ್ಬ ಹುಡುಗಿಗೆ ಹೋಗುತ್ತೆ."

ಅದಾದ ಮೇಲೆ ಊರಿಗೆ ಬೇರೆ ಸುದ್ದಿಯೇ ಇರಲಿಲ್ಲ. ಅಂಗಡಿಯಲ್ಲಿ, ಚರ್ಚಿನಲ್ಲಿ, ಶಾಲೆಯ ಬಸ್ಸಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಬ್ರಿಟಾ ಮಾತ್ರ ದಿನದಿನಕ್ಕೆ ಮಾತು ಕಡಿಮೆ ಮಾಡಿದಳು.

ಗುರುವಾರ ಊಟಕ್ಕೆ ಕೂತಾಗ ತಾಯಿ ರನೇ ತಾನಾಗಿಯೇ ಮಾತು ತೆಗೆದಳು. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಇನ್ನು ಎರಡೇ ದಿನ ಉಳಿದಿರೋದು, ಪುಟ್ಟಿ."

"ಗೊತ್ತಮ್ಮ."

"ಓದಿನ ಚಿಂತೆ ಪೂರ್ತಿ ತೀರುತ್ತೆ. ಒಂದು ಮಾತಲ್ಲಿ ಜೀವನ ಒಂದು ದಡ ಸೇರುತ್ತೆ. ನನ್ನ ಹದಿನಾಲ್ಕನೇ ವಯಸ್ಸಲ್ಲಿ ನನ್ನ ಯಾರೂ ಏನೂ ಕೇಳಲಿಲ್ಲ."

ಬ್ರಿಟಾ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಫೋರ್ಕಿನಿಂದ ಒತ್ತುತ್ತಾ ಕೂತಳು. "ಆ ಕಾಲೇಜಲ್ಲಿ ಏನೇನು ಓದಬಹುದು ಅಂತ ಯಾರೂ ಹೇಳಲೇ ಇಲ್ಲ," ಎಂದಳು.

ಮರುದಿನ ಗ್ಲೆನ್ ಅಂಗಣದ ಹಿಂಬದಿಯ ಕೋಣೆಗೆ ಹೋದ. ಅಲ್ಲಿ ಶೆಲ್ಬಿ ಎಂಬ ಹುಡುಗಿ ಸ್ಕೇಟುಗಳ ಅಲಗನ್ನು ಸಾಣೆ ಹಿಡಿಯುತ್ತಿದ್ದಳು. ಅವಳೂ ಹದಿನಾಲ್ಕಕ್ಕೇ ಒಂದು ಕಾಲೇಜಿಗೆ ಮಾತು ಕೊಟ್ಟವಳು. ನಾಲ್ಕು ವರ್ಷದ ಹಿಂದೆ ಊರಿಡೀ ಅವಳನ್ನೇ ಹೊಗಳಿತ್ತು. ಹದಿನಾರಕ್ಕೆ ಮೊಣಕಾಲು ನೋವು ಬಂತು, ವೇಗ ತಗ್ಗಿತು. ಆಮೇಲೆ ಅವಳ ಕಾಲೇಜಿನ ಮಾತು ಯಾರ ಬಾಯಲ್ಲೂ ಬರಲಿಲ್ಲ, ಗ್ಲೆನ್ ಕೂಡ ಕೇಳಿರಲಿಲ್ಲ. ಇವತ್ತು ಕೇಳಿದ.

"ಒಂದು ಫೋನ್ ಬಂತು, ಮಿಸ್ಟರ್ ಮಕ್ಕೆಲಾ. ಎರಡು ನಿಮಿಷ ಮಾತಾಡಿದ್ರು. ಜಾಗ ಇಲ್ಲ ಅಂದ್ರು."

"ಕೊಟ್ಟ ಮಾತು ಏನಾಯ್ತು?"

"ಅದು ಬರೀ ಬಾಯಿಮಾತು. ಬರವಣಿಗೇಲಿ ಏನೂ ಇರಲಿಲ್ಲ." ಅವಳು ಅಲಗನ್ನು ಬೆಳಕಿಗೆ ಹಿಡಿದು ನೋಡಿದಳು. "ಅವರು ಮೋಸ ಮಾಡಿದ್ರು ಅನ್ನಲ್ಲ. ಹದಿನಾಲ್ಕು ವರ್ಷದ ಹುಡುಗಿ ಅವರಿಗೆ ಇಷ್ಟ ಆಗಿದ್ಲು. ನಾನು ಅವಳಾಗಿ ಉಳೀಲಿಲ್ಲ, ಅಷ್ಟೆ. ಅದಕ್ಕೂ ಮೊದಲು ಬೇರೆ ಕಾಲೇಜಿನವರು ಕರೆದಾಗ ಮಾತು ಕೊಟ್ಟಿದ್ದೀನಿ ಅಂತ ಫೋನು ಕೂಡ ಎತ್ತಲಿಲ್ಲ ನಾನು. ಅದೊಂದು ಮಾತ್ರ ಈಗಲೂ ಚುಚ್ಚುತ್ತೆ."

ಆ ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ಗ್ಲೆನ್ ಮನೆಗೆ ಬಂದರೆ ಬ್ರಿಟಾ ಇರಲಿಲ್ಲ, ಅವಳ ಸ್ಕೇಟುಗಳೂ ಇರಲಿಲ್ಲ. ಅವನು ಕೆರೆಯ ಕಡೆ ನಡೆದ.

ಕೆರೆ ಹೆಪ್ಪುಗಟ್ಟಿ ಎರಡು ವಾರ ಆಗಿತ್ತು, ಅದರ ಮೇಲೆ ಇನ್ನೂ ಹಿಮ ಬಿದ್ದಿರಲಿಲ್ಲ. ವರ್ಷದಲ್ಲಿ ಕೆಲವೇ ದಿನ ಸಿಗುವ ಕಪ್ಪು ಐಸು. ಕಾಲಡಿಯಲ್ಲಿ ತಳದ ಕಲ್ಲು, ಬಾಗಿದ ಪಾಚಿ ಎಲ್ಲವೂ ಕಾಣುತ್ತಿತ್ತು. ದೂರದಲ್ಲೆಲ್ಲೋ ಚಳಿಗೆ ಬಿಗಿಯುವ ಐಸು ಗುಡುಗಿದಂತೆ ಸದ್ದು ಮಾಡಿತು, ಆ ಸದ್ದು ದಡದಿಂದ ದಡಕ್ಕೆ ಉರುಳಿಕೊಂಡು ಹೋಯಿತು. ಅಷ್ಟು ದೊಡ್ಡ ಕೆರೆಯ ನಡುವೆ ಅವನ ಮಗಳು ಒಬ್ಬಳೇ ಆಡುತ್ತಿದ್ದಳು.

ಅವಳು ಯಾವುದೋ ಹೊಸ ಪಟ್ಟು ಕಲಿಯುತ್ತಿದ್ದಳು. ವೇಗವಾಗಿ ಬಂದು, ಬಿಲ್ಲೆಯನ್ನು ಕಾಲ ಹಿಂದಿನಿಂದ ತಂದು, ಗಾಳಿಯಲ್ಲಿ ಎತ್ತಿ, ತಾನು ಪೂರ್ತಿ ಒಂದು ಸುತ್ತು ತಿರುಗಿ ಅದನ್ನು ಹಿಡಿಯಬೇಕು. ಬಿದ್ದಳು. ಎದ್ದು ಮತ್ತೆ ಬಂದು ಬಿದ್ದಳು. ಒಂದು ಸಲವಂತೂ ಅಂಗಾತ ಬಿದ್ದು ಹತ್ತು ಮಾರು ಜಾರಿಕೊಂಡು ಹೋಗಿ, ಮಲಗಿದಲ್ಲಿಂದಲೇ ಆಕಾಶ ನೋಡಿಕೊಂಡು ನಕ್ಕಳು. ಆ ನಗು ಗ್ಲೆನ್ ನಿಂತಿದ್ದ ದಡದವರೆಗೂ ಕೇಳಿಸಿತು.

ಕಾಲೇಜಿಗೆ ಹೋಗಿ ಬಂದ ಮೇಲೆ ಪಂದ್ಯಗಳಲ್ಲಿ ಅವಳು ಒಮ್ಮೆಯೂ ಬಿದ್ದಿರಲಿಲ್ಲ. ಆಗೆಲ್ಲ ಅವನು ಅದನ್ನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ. ಅಂಗಣದ ಗಾಜಿನ ಆಚೆ ಕಾಲೇಜಿನವರು ಕೂತು ಬರೆದುಕೊಳ್ಳುತ್ತಿದ್ದರು ಎಂದು, ಅವಳು ತನಗೆ ಆಗಲೇ ಚೆನ್ನಾಗಿ ಬರುವುದನ್ನು ಮಾತ್ರ ಆಡುತ್ತಿದ್ದಳೆಂದು ಅವನಿಗೆ ಈಗ ತಿಳಿಯಿತು.

ತಂದೆಯನ್ನು ಕಂಡು ಬ್ರಿಟಾ ದಡಕ್ಕೆ ಬಂದಳು. ಕೆನ್ನೆ ಕೆಂಪಾಗಿತ್ತು.

"ಹದಿನೆಂಟಕ್ಕೂ ನಾನು ಹೀಗೇ ಇರ್ತೀನಾ ಅಪ್ಪಾ?"

"ನನಗೇನು ಗೊತ್ತು?"

"ಅವರಿಗೆ ಗೊತ್ತಿದ್ದ ಹಾಗೆ ಮಾತಾಡ್ತಾರೆ. ಹೂಂ ಅಂದುಬಿಟ್ರೆ, ಇನ್ನೂ ಚೆನ್ನಾಗಿ ಆಡೋದು ನನ್ನ ಕೆಲಸ ಆಗಿರಲ್ಲ. ಕೆಡಿಸ್ಕೊಳ್ಳದೆ ಇರೋದೇ ಕೆಲಸ."

ಗ್ಲೆನ್ ಅವಳ ಬೆನ್ನಿಗೆ ಅಂಟಿದ್ದ ಐಸಿನ ಪುಡಿ ಕೊಡವಿದ. "ಕೋಚ್‌ಗೆ ನಾನು ಏನಂತ ಹೇಳ್ಲಿ ಅಂತೀಯ?"

"ಇನ್ನೂ ಗೊತ್ತಿಲ್ಲ ಅಂತ ಹೇಳಬಹುದಾ?"

"ಹೇಳಬಹುದು," ಎಂದ. ಹಾಗೆ ಹೇಳಬಹುದೆಂದು ಅವನಿಗೂ ಆಗಲೇ ಹೊಳೆದದ್ದು.

ಶನಿವಾರ ಬೆಳಿಗ್ಗೆ ರನೇಯ ಎದುರಿಗೇ ಅವನು ಹ್ಯಾಲ್ವರ್‌ಸನ್‌ಗೆ ಫೋನ್ ಮಾಡಿದ. ಹಿಂದಿನ ಸಂಜೆ ಗಂಡ ಹೆಂಡತಿ ಇಬ್ಬರೂ ಬಹಳ ಹೊತ್ತು ವಾದ ಮಾಡಿದ್ದರು. ರನೇ ಇನ್ನೂ ಪೂರ್ತಿ ಒಪ್ಪಿರಲಿಲ್ಲ, ಆದರೆ ಬೇಡ ಅನ್ನಲಿಲ್ಲ.

"ಹನ್ನೊಂದನೇ ಕ್ಲಾಸಿಗೆ ಬರೋವರೆಗೆ ಅವಳು ಯಾರಿಗೂ ಮಾತು ಕೊಡಲ್ಲ, ಕೋಚ್."

"ಜಾಗ ಹೋಗುತ್ತೆ, ಗ್ಲೆನ್. ಹೆದರಿಸ್ತಿಲ್ಲ, ಇರೋದನ್ನ ಹೇಳ್ತಿದ್ದೀನಿ. ನಾನು ಕಾದ್ರೆ ಬೇರೆ ಕಾಲೇಜು ಕಾಯಲ್ಲ. ಒಳ್ಳೆ ಆಟಗಾರ್ತಿಯರೆಲ್ಲ ಅವರ ಪಾಲಾಗ್ತಾರೆ."

"ಅರ್ಥ ಆಗುತ್ತೆ. ಹೋದ್ರೆ ಹೋಗ್ಲಿ."

ಆ ಕಡೆ ಕುರ್ಚಿ ಕಿರುಗುಟ್ಟಿತು. "ಈ ವಾರ ಒಂದು ಹುಡುಗಿ ಬಂದಿದ್ಲು," ಹ್ಯಾಲ್ವರ್‌ಸನ್ ತಗ್ಗಿದ ದನಿಯಲ್ಲಿ ಹೇಳಿದರು. "ಮಾತಾಡೋವಾಗೆಲ್ಲ ಅಮ್ಮನ ಕೈ ಹಿಡ್ಕೊಂಡೇ ಇದ್ಲು. ಹದಿಮೂರು ವರ್ಷ. ಹೂಂ ಅಂತೀಯಾ ಅಂತ ನಾನು ಅವಳನ್ನೂ ಕೇಳಿದೆ." ಮುಂದೊಂದು ದಿನ ಬ್ರಿಟಾಳ ಆಟ ನೋಡಲು ಬರುವೆನೆಂದಷ್ಟೇ ಹೇಳಿ ಫೋನಿಟ್ಟರು.

ಆ ಸಂಜೆಯ ಪಂದ್ಯದಲ್ಲಿ ಕೊನೆಯ ನಿಮಿಷದವರೆಗೂ ಎರಡೂ ಕಡೆ ಸಮ. ಬಿಲ್ಲೆ ಬ್ರಿಟಾಗೆ ಸಿಕ್ಕಿತು. ಪಕ್ಕದಲ್ಲಿ ಜೊತೆಯ ಹುಡುಗಿಗೆ ಎದುರಾಳಿಗಳ ಅಡ್ಡಿಯೇ ಇರಲಿಲ್ಲ, ಬಿಲ್ಲೆಯನ್ನು ಅವಳ ಕಡೆ ತಳ್ಳಿದ್ದರೆ ಸಾಕಿತ್ತು. ಬ್ರಿಟಾ ತಳ್ಳಲಿಲ್ಲ. ಬಿಲ್ಲೆಯನ್ನು ಕಾಲ ಹಿಂದಿನಿಂದ ತಂದು ಎತ್ತಿದಳು, ತಿರುಗಿದಳು. ಮುಕ್ಕಾಲು ಸುತ್ತಿನಲ್ಲಿ ಮುಗ್ಗರಿಸಿ ಬಿದ್ದಳು. ಎದುರಾಳಿಗಳು ಬಿಲ್ಲೆ ಕಸಿದುಕೊಂಡು ಹೋಗಿ ಗೋಲು ಹೊಡೆದರು. ಬ್ರಿಟಾಳ ತಂಡ ಸೋತಿತು.

ಗ್ಯಾಲರಿಯಲ್ಲಿ ನಿಟ್ಟುಸಿರು ಎದ್ದಿತು. ಯಾರೋ ಬೈದರು. ಬ್ರಿಟಾ ಮೊಣಕಾಲೂರಿ ಎದ್ದು, ಜೊತೆಯವಳ ಹತ್ತಿರ ಹೋಗಿ "ಸಾರಿ" ಅಂದಳು. ಆಮೇಲೆ, ತಾನು ಬಿದ್ದ ಜಾಗವನ್ನು ತಿರುಗಿ ನೋಡಿ, ಎಲ್ಲಿ ತಪ್ಪಿತೆಂದು ಲೆಕ್ಕ ಹಾಕುವವಳಂತೆ ಕೋಲನ್ನು ಕೈಯಲ್ಲೇ ಒಮ್ಮೆ ತಿರುಗಿಸಿಕೊಂಡಳು.

"ಇವಳು ಎದ್ದು ನಿಂತಿದ್ದು ನೋಡಿದ್ಯಾ," ಎಂದಳು ರನೇ. ಸೋತ ಕಡೆಯ ಗ್ಯಾಲರಿಯಲ್ಲಿ ಗಂಡ ಹೆಂಡತಿ ಇಬ್ಬರೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.