ಉದಗೀರದಲ್ಲಿ ನಡೆಯದ ಆಣೆ

ಉದಗೀರದ ಜವಳಿ ಬಜಾರಿನಲ್ಲಿ ಒಬ್ಬನೇ ಕುಳಿತು ತಂಗಿಯ ಮದುವೆಯ ಸೀರೆ ಆರಿಸುವಾಗ ಮಡೆಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಸೀರೆ ಆರಿಸಬೇಕಾದವನು ಅವನಲ್ಲ. ಮದುವೆಯ ಜವಳಿ ತೆಗೆಯುವಾಗ ಹೆಣ್ಣಿನ ಸೀರೆಯನ್ನು ಗಂಡಿನವರು ಆರಿಸಬೇಕು, ಗಂಡಿನ ತಲೆಗೆ ಸುತ್ತುವ ರುಮಾಲನ್ನು ಹೆಣ್ಣಿನವರು. ಅವರ ಊರು ಎಕಂಬಾದಲ್ಲಿ ಎರಡೂ ಮನೆಗಳ ಹಿರಿಯರು ಕುರಿಗಳ ಉಣ್ಣೆ ಕತ್ತರಿಸುವ ಗಡಿಬಿಡಿಯಲ್ಲಿದ್ದರು. ಅದಕ್ಕೇ ಮದುಮಗ ದತ್ತಾತ್ರಿಯನ್ನೂ ಮಡೆಪ್ಪನನ್ನೂ ಬಂಡಿ ಹೂಡಿಸಿ ಕಳಿಸಿದ್ದರು. ಚಿಕ್ಕಂದಿನಿಂದ ಒಟ್ಟಿಗೆ ಕುರಿ ಕಾಯ್ದ ಗೆಳೆಯರು, ಇವರಿಬ್ಬರ ನಡುವೆ ಜಗಳ ಬಾರದು ಎಂಬುದು ಹಿರಿಯರ ನಂಬಿಕೆ.

ದತ್ತಾತ್ರಿ ಈಗ ಬಂದೆ ಎಂದು ಹೇಳಿ ಹೋದವನು ಬಿಸಿಲು ಇಳಿದರೂ ಬರಲಿಲ್ಲ. ಅಂಗಡಿಯ ಶರಫೋದ್ದೀನ ಸಾಹೇಬರು ಎಕಂಬಾದ ಮೂರು ತಲೆಮಾರಿಗೆ ಬಟ್ಟೆ ಹರಿದು ಕೊಟ್ಟವರು. ಮದುಮಗ ಎಲ್ಲಿ ಎಂದು ಒಂದು ಸಲ ಕೇಳಿದರು, ಮಡೆಪ್ಪನ ಮುಖ ನೋಡಿ ಮತ್ತೆ ಕೇಳಲಿಲ್ಲ. ಸೀರೆ, ರುಮಾಲು ಗಂಟು ಕಟ್ಟಿಕೊಂಡು ಮಡೆಪ್ಪ ನೆಟ್ಟಗೆ ಶಿಂದಿ ಅಂಗಡಿಗೆ ನಡೆದ.

ಮದುಮಗ ಅಲ್ಲೇ ಇದ್ದ. ಕಾಲು ಚಾಚಿ ಗೋಡೆಗೆ ಒರಗಿ, ತಾನು ಪರದೇಶಕ್ಕೆ ಬಂದ ಗತ್ತಿನಲ್ಲಿ ಗುರುತಿಲ್ಲದವರಿಗೆಲ್ಲ ಊರ ಸುದ್ದಿ ಹೇಳುತ್ತಿದ್ದ. ಈ ಮನುಷ್ಯನೇ ದೀಪಾವಳಿಗೆ ಮುಂಚೆ ಭಾಲ್ಕಿ ಸೀಮೆಯ ಖಾನಾಪುರಕ್ಕೆ ಹೋಗಿ, ಮೈಲಾರ ಮಲ್ಲಣ್ಣನ ಮುಂದೆ ಭಂಡಾರದ ಅರಿಶಿನ ಹಿಡಿದು ಇನ್ನು ಕುಡಿಯುವುದಿಲ್ಲ ಎಂದು ಆಣೆ ಮಾಡಿದ್ದ. ಆ ಆಣೆಯ ಮೇಲೆಯೇ ಮಡೆಪ್ಪನ ತಾಯಿ ಸಖುಬಾಯಿ ಮಗಳು ಜನಾಬಾಯಿಯನ್ನು ಕೊಡಲು ಒಪ್ಪಿದ್ದು. ಅನುಮಾನ ಪಟ್ಟ ತಾಯಿಯ ಬಾಯಿ ಮುಚ್ಚಿಸಿದವನು ಮಡೆಪ್ಪನೇ.

ಮಡೆಪ್ಪ ಅವನ ರಟ್ಟೆ ಹಿಡಿದು ಎಬ್ಬಿಸಿ, ಮಲ್ಲಣ್ಣನ ಆಣೆ ಏನಾಯಿತು ಎಂದು ಕೇಳಿದ. ದತ್ತಾತ್ರಿಗೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ.

"ನಾ ಆಣಿ ಮಾಡಿದ್ದು ಭಾಲ್ಕಿ ಸೀಮ್ಯಾಗೋ ಮಡ್ಯಾ. ಅದು ಈಗ ಮೈಸೂರ ರಾಜ್ಯ ಆಗ್ಯಾದ. ಇದು ಮುಂಬಯಿ ಸರಕಾರದ್ದು. ಅಲ್ಲೀ ಆಣಿ ಇಲ್ಲಿ ನಡೀತದೇನು? ಪರದೇಶದಾಗ ನಮ್ಮನ್ನ ನೋಡೋರು ಯಾರು?"

ನೋಡುವವರು ಯಾರೆಂದರೆ ಇಡೀ ಬಜಾರು. ಸರಕಾರದವರು ನಕಾಶೆಯ ಮೇಲೆ ಗೆರೆ ಎಳೆದು ಉದಗೀರವನ್ನು ಆ ಕಡೆಗೆ, ಎಕಂಬಾವನ್ನು ಈ ಕಡೆಗೆ ಹಾಕಿದ್ದರೇ ಹೊರತು ನೆಂಟರನ್ನು ಹಂಚಿರಲಿಲ್ಲ. ಮಡೆಪ್ಪನ ಸೋದರತ್ತೆಯ ಮನೆ ಅದೇ ಓಣಿಯಲ್ಲಿತ್ತು. ಎದುರಿನ ಕಟ್ಟೆಯ ಮೇಲೆ ಕುಳಿತಿದ್ದವನು ದತ್ತಾತ್ರಿಯ ಚಿಕ್ಕಪ್ಪನ ಬೀಗ. ಮಲ್ಲಣ್ಣನ ಭಕ್ತರಂತೂ ಎರಡೂ ಕಡೆ ತುಂಬಿದ್ದರು. ಹೋಗಿ ಹೋಗಿ ದೇವರಿಗೇ ಸರಹದ್ದು ಹಾಕಿದನಲ್ಲ ಎಂದು ಮಡೆಪ್ಪನಿಗೆ ಕಪಾಳಕ್ಕೆ ಬಿಗಿಯುವಷ್ಟು ಸಿಟ್ಟು ಬಂತು.

ಬಿಗಿಯಲಿಲ್ಲ. ಅಷ್ಟರಲ್ಲಿ ದತ್ತಾತ್ರಿ ಮೋರಿಯ ಕಡೆಗೆ ವಾಲಿದ, ಮಡೆಪ್ಪನ ಕೈ ತಾನಾಗಿ ಅವನ ಸೊಂಟ ಹಿಡಿಯಿತು. ವಾಂತಿಯಾಯಿತು. ಬಾಯಿ ಒರೆಸಲು ಬೇರೇನೂ ಸಿಗದೆ ಮಡೆಪ್ಪ ಗಂಟು ಬಿಚ್ಚಿ ಹೊಸ ರುಮಾಲನ್ನೇ ತೆಗೆದ. ಮದುವೆಯ ದಿನ ತಾನೇ ಇವನ ತಲೆಗೆ ಸುತ್ತಬೇಕಾದ ರುಮಾಲು. ದಾರಿಯಲ್ಲಿ ದತ್ತಾತ್ರಿ ಪೋಲೀಸಿನವನನ್ನು ಕಂಡು, ನೀನು ನನ್ನ ರಾಜ್ಯದವನಲ್ಲ, ನಿನಗೆ ಸಲಾಮು ಹೊಡೆಯುವುದಿಲ್ಲ ಎಂದ. ಅದಕ್ಕೂ ಮಡೆಪ್ಪನೇ ಕೈ ಮುಗಿದ. ಬೈಯುತ್ತಲೇ ಅವನನ್ನು ಬಂಡಿಗೆ ಹಾಕಿದ, ಬೈಯುತ್ತಲೇ ಉಸಿರು ಕಟ್ಟಬಾರದೆಂದು ತಲೆಯನ್ನು ಮಗ್ಗುಲಿಗೆ ತಿರುಗಿಸಿದ, ಚಳಿಗೆ ತನ್ನ ಕಂಬಳಿಯನ್ನೂ ಹೊದಿಸಿದ. ಇಷ್ಟು ವರ್ಷ ಮಾಡಿ ಮಾಡಿ ಕೈಗೆ ಚಟವೇ ಆಗಿಬಿಟ್ಟಿತ್ತು. ಕುಡಿದವನ ಮೇಲಿನ ಸಿಟ್ಟಿಗಿಂತ ಆ ಕೈಗಳ ಮೇಲಿನ ಸಿಟ್ಟೇ ಅವನಿಗೆ ಹೆಚ್ಚಾಗಿತ್ತು.

ಎಕಂಬಾ ಮುಟ್ಟಿದಾಗ ಬೆಳಕು ಹರಿದಿತ್ತು. ಊರಬಾಗಿಲ ಅಗಸಿಯ ದಾರಿಯಲ್ಲಿ ಹೋದರೆ ಊರೆಲ್ಲ ನೋಡುತ್ತದೆ. ಯಾವಾಗಲೂ ಮಾಡುವಂತೆ ಮಡೆಪ್ಪ ಎತ್ತುಗಳನ್ನು ಕುರಿಹಟ್ಟಿಯ ಹಿಂದಿನ ಹಾದಿಗೆ ತಿರುಗಿಸಿದ. ಗೆಳೆಯನನ್ನು ಅವನ ಮನೆಯ ಹಿತ್ತಲಲ್ಲಿ ಇಳಿಸಿ, ಅಮಲು ಇಳಿದ ಮೇಲೆ ಒಬ್ಬನನ್ನೇ ಹಿಡಿದು ನಾಲ್ಕು ಮಾತು ಆಡಿದರಾಯಿತು ಎಂದುಕೊಂಡ.

ಹಟ್ಟಿಯ ಬಾಗಿಲಲ್ಲಿ ಜನಾಬಾಯಿ ನಿಂತಿದ್ದಳು. ಮರಿಗಳಿಗೆ ನೀರು ತಂದವಳು ಬಂಡಿಯೊಳಗೆ ಇಣುಕಿದಳು. ಮಡೆಪ್ಪ ಎತ್ತುಗಳನ್ನು ನಿಲ್ಲಿಸಿದ. ಅವಳು ಅಳುತ್ತಾಳೆ, ಕೂಗುತ್ತಾಳೆ ಎಂದುಕೊಂಡ. ಅವಳು ಅತ್ತಿತ್ತ ನೋಡಿದಳು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಸೆರಗಿನ ತುದಿ ನೀರಿಗೆ ಅದ್ದಿ, ದತ್ತಾತ್ರಿಯ ತಲೆ ಎತ್ತಿ ಹಿಡಿದು ಗದ್ದ ಒರೆಸಿದಳು. ಅವ್ವನಿಗೆ ಹೇಳಬೇಡ ಎಂದಳು. ರುಮಾಲನ್ನು ತಾನೇ ಒಗೆದು ಇಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದಳು.

ಮಡೆಪ್ಪ ಅವಳ ಕೈಯಿಂದ ಸೆರಗು ಕಿತ್ತುಕೊಂಡ. ಬೆಳೆದ ತಂಗಿಯ ಮೇಲೆ ಅವನು ಎಂದೂ ಹಾಗೆ ಕೈ ಮಾಡಿದವನಲ್ಲ.

"ನೀ ಮುಟ್ಟಬ್ಯಾಡ ಅವನಿಗಿ."

"ಯಾಕ ಅಣ್ಣಾ? ನೀ ಮಾಡ್ತಿದ್ದಿ, ನಾ ಮಾಡಿದ್ರ ಏನಾತು?"

ಅವಳ ಮಾತಿನಲ್ಲಿ ಮೊನಚಿರಲಿಲ್ಲ, ಕೊಂಕಿರಲಿಲ್ಲ. ಅಣ್ಣನನ್ನು ನೋಡಿ ಕಲಿತದ್ದನ್ನು ಮಾಡಿ ತೋರಿಸಿದ ಹುಡುಗಿ ಅವಳು. ರಾತ್ರಿಯಿಡೀ ಹಲ್ಲು ಕಡಿದು ತಡೆದಿದ್ದ ಸಿಟ್ಟು ಈಗ ಮಡೆಪ್ಪನ ಮೇಲೆಯೇ ತಿರುಗಿತು. ತಾನು ಮುಚ್ಚಿಟ್ಟು ಕಾಪಾಡಿದ್ದು ಗೆಳೆಯನನ್ನಲ್ಲ, ಅವನ ಕುಡಿತವನ್ನು. ಅದನ್ನು ಜತನವಾಗಿ ಬೆಳೆಸಿ, ಸೀರೆ ಸಮೇತ ತಂಗಿಯ ಮಡಿಲಿಗೆ ಹಾಕಲು ಹೊರಟಿದ್ದ.

"ನಾ ಗೆಳ್ಯಾ ಇದ್ದೀನಿ ಜನಾ. ಬ್ಯಾಸರಾದ್ರ ಬಿಟ್ಟು ಮನಿಗಿ ಹೋಗ್ತೇನಿ. ನಿನಗ ಅದೇ ಮನಿ ಆಗ್ತದ. ಎಲ್ಲಿಗಿ ಹೋಗ್ತಿ?"

ಮಡೆಪ್ಪ ಎತ್ತುಗಳ ಹಗ್ಗ ಜಗ್ಗಿ ಬಂಡಿಯನ್ನು ಹಿಂದಕ್ಕೆ ತಿರುಗಿಸಿದ. ಅಗಸಿಯೊಳಗಿಂದ, ಚಾವಡಿಯ ಮುಂದಿನಿಂದ, ನೀರಿಗೆ ನಿಂತ ಹೆಂಗಸರ ನಡುವಿನಿಂದ ಹೊಡೆದುಕೊಂಡು ಹೋಗಿ ದತ್ತಾತ್ರಿಯ ಮನೆಯ ಮುಂಬಾಗಿಲಿಗೇ ನಿಲ್ಲಿಸಿದ. ಹಿಂದೆ ಬಂದ ಜನ ಸುತ್ತ ಕೂಡಿದರು. ದತ್ತಾತ್ರಿಯ ತಂದೆ ಉಣ್ಣೆ ಹತ್ತಿದ ಕೈಯಲ್ಲೇ ಹೊರಗೆ ಬಂದರು. ಮಡೆಪ್ಪ ಕಂಬಳಿ ಎಳೆದು ಅವರ ಮಗನನ್ನು ತೋರಿಸಿದ. ಮದುವೆ ಇಲ್ಲ ಎಂದ, ಎಲ್ಲರಿಗೂ ಕೇಳುವಂತೆ ಎರಡು ಸಲ ಹೇಳಿದ.

ಗದ್ದಲಕ್ಕೆ ದತ್ತಾತ್ರಿಗೆ ಎಚ್ಚರವಾಯಿತು. ಕಣ್ಣು ಕಿರಿದು ಮಾಡಿ ನೋಡಿದ, ಗೆಳೆಯನ ಮುಖ ಕಂಡು ಸಮಾಧಾನವಾಯಿತು. ಊರು ಬಂತೇನೋ ಎಂದು ಕೇಳಿ, ಇಳಿಸಲಿ ಎಂದು ಯಾವಾಗಿನಂತೆ ಕೈ ಚಾಚಿದ.

ಮಡೆಪ್ಪ ತನ್ನ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ.