ರಟ್ಟಿನ ಮೇಲಿನ ಹಳದಿ

ನಾನು ಒಂದು ಚಿತ್ರ. ನನ್ನಲ್ಲಿ ಮರವಿಲ್ಲ, ಮನೆಯಿಲ್ಲ, ದೇವರಿಲ್ಲ, ಮನುಷ್ಯರ ಮುಖವೂ ಇಲ್ಲ. ದಪ್ಪ ರಟ್ಟಿನ ಮೇಲೆ ಕಪ್ಪು, ಇಟ್ಟಿಗೆಗೆಂಪು, ಅವೆರಡನ್ನೂ ಸೀಳಿಕೊಂಡು ಹೋಗುವ ಒಂದು ಹಳದಿ. ಇಷ್ಟೇ ನಾನು. ಇಷ್ಟರಲ್ಲೇ ಎಪ್ಪತ್ತು ವರ್ಷ ತಲೆಯೆತ್ತಿ ಬಾಳಿದ್ದೇನೆ.

ಹುಟ್ಟಿದ್ದು 1956ರಲ್ಲಿ, ಧಾರವಾಡದ ಒಂದು ಬಾಡಿಗೆ ಕೋಣೆಯ ನೆಲದ ಮೇಲೆ. ನನ್ನನ್ನು ಬರೆದವರು ವತ್ಸಲಾ ಮುಧೋಳ, ಹೆಣ್ಣುಮಕ್ಕಳ ಶಾಲೆಯ ಡ್ರಾಯಿಂಗ್ ಟೀಚರ್. ಅವರಿಗೆ ಮಾತು ತಡೆಯುತ್ತಿತ್ತು. ಆ ದಿನ ಶಾಲೆಯ ಸಭೆಯಲ್ಲಿ ವರದಿ ಓದಲು ನಿಂತು, ಮೊದಲ ಸಾಲನ್ನೇ ದಾಟಲಾಗದೆ, ಜನರ ನಗೆಯ ನಡುವೆ ಇಳಿದು ಬಂದಿದ್ದರು. ಮನೆಗೆ ಬಂದವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗುವಾಶ್ ಬಣ್ಣದ ಟ್ಯೂಬುಗಳನ್ನು ಬಿಚ್ಚಿದರು. ನೀರಿನಲ್ಲಿ ಕಲಸಿದರೂ ಗೋಡೆಯ ಸುಣ್ಣದಂತೆ ದಟ್ಟವಾಗಿ ಕೂರುವ ಬಣ್ಣ ಅದು. ಕೊನೆಗೆ ಅಗಲವಾದ ಬ್ರಷ್ಷಿನಿಂದ ಆ ಹಳದಿಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಎಳೆದರು. ಎಲ್ಲೂ ತಡೆಯಲಿಲ್ಲ.

ಊರಿನ ಪ್ರದರ್ಶನದಲ್ಲಿ ಜನ ನನ್ನೆದುರು ನಿಂತು, "ಏನ್ರೀ ಇದು? ಬಣ್ಣ ಚೆಲ್ಲೇತೇನು?" ಎಂದು ನಕ್ಕರು. ಹುಬ್ಬಳ್ಳಿಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರ್ ಇರ್ಷಾದ್ ಮುಲ್ಲಾ ಮಾತ್ರ ನಗಲಿಲ್ಲ.

"ಇದನ್ನ ನನಗ ಕೊಡ್ರಿ, ಅಕ್ಕಾರ. ನೋವು ಹೆಂಗೈತಿ ಅಂತ ಹೇಳಾಕ ನನ್ನ ಪೇಷಂಟರಿಗೆ ಬರೂದಿಲ್ಲ. ಇದರಾಗ ತೋರಸ್ತಾರ."

ಹಾಗೇ ಆಯಿತು. ದವಾಖಾನೆಯ ಗೋಡೆಯ ಮೇಲಿದ್ದ ನನ್ನನ್ನು ಜನ ಬೆರಳು ಮಾಡಿ ತೋರಿಸಿದರು. ಎಷ್ಟು ಕೇಳಿದರೂ ನೋವಿನ ಬಗ್ಗೆ ಬಾಯಿ ಬಿಡದ ನೇಕಾರ ಹೆಂಗಸೊಬ್ಬಳು, ಹಳದಿಯ ಕೆಳಗಿನ ಕಪ್ಪು ಗಂಟನ್ನು ತೋರಿಸಿ, "ಹಿಂಗ ಹಿಡಕೊಂಡೈತ್ರಿ, ಬಿಡವಲ್ದು" ಎಂದಳು. ಡಾಕ್ಟರು ಅಂದೇ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ತಿಂಗಳ ನಂತರ ಆಕೆ ನಡೆದುಕೊಂಡು ಬಂದು, ಡಾಕ್ಟರಿಗೆ ಕೈಮುಗಿದಳು, ನನಗೂ ಕೈಮುಗಿದಳು. ಅಂದಿನ ಹೆಮ್ಮೆ ನನಗೆ ಇನ್ನೂ ಇಳಿದಿಲ್ಲ.

1979ರ ಮಳೆಗಾಲದಲ್ಲಿ ದವಾಖಾನೆಯ ಹೆಂಚು ಸೋರಿ, ಫ್ರೇಮಿನ ಗಾಜಿನೊಳಗೆ ನೀರು ಇಳಿಯಿತು. ನೀರೇ ನನ್ನ ವೈರಿ. ಒಂದು ಮೂಲೆಯ ಹಳದಿ ಕರಗಿ ಹರಿಯತೊಡಗಿತು. ಯಾರೋ ಬಟ್ಟೆ ಹಿಡಿದು ಓಡಿ ಬಂದರು.

"ಒರಸಬ್ಯಾಡ್ರಿ!" ಎಂದು ಕೂಗಿದವರು ನರ್ಸ್ ಕ್ಲಾರಾ. ನನ್ನನ್ನು ಗೋಡೆಯಿಂದ ಇಳಿಸಿ, ಗಾಜು ಬಿಚ್ಚಿ, ಬಣ್ಣ ಇನ್ನು ಹರಿಯದಂತೆ ತಟ್ಟೆಯ ಹಾಗೆ ಸಮವಾಗಿ ಎರಡೂ ಕೈಯಲ್ಲಿ ಹಿಡಿದು ಕೂತರು. ಒಣಗುವವರೆಗೂ ಅಲುಗಾಡಲಿಲ್ಲ. ಅಂಗೈಯಷ್ಟು ಜಾಗ ಮಾತ್ರ ಬರಿ ರಟ್ಟಾಯಿತು.

2008ರಲ್ಲಿ ದವಾಖಾನೆ ಮುಚ್ಚುವಾಗ ಮುದಿ ಡಾಕ್ಟರು ನನ್ನನ್ನು ಕ್ಲಾರಾ ಅವರ ಕೈಗಿಟ್ಟರು. ಕ್ಲಾರಾ ನನ್ನ ಬೆನ್ನ ಮೇಲಿನ ಸಹಿ ಓದಿ, ಕರಗಿದ ಮೂಲೆಗೆಂದು ಹೊಸ ಬಣ್ಣದ ಟ್ಯೂಬುಗಳನ್ನು ಕೊಂಡು, ವತ್ಸಲಾ ಅವರನ್ನು ಹುಡುಕಿಕೊಂಡು ಧಾರವಾಡಕ್ಕೆ ಹೋದರು. ಆಗ ವತ್ಸಲಾ ಅವರಿಗೆ ಎಂಬತ್ತರ ಹತ್ತಿರ. ನನ್ನನ್ನು ನೋಡಿದವರೇ ಮೆಲ್ಲಗೆ ತಿರುಗಿಸಿದರು.

"ತ... ತಲೆಕೆಳಗ ಹಾಕಿದ್ರಿ."

"ಅಯ್ಯೋ ಅಕ್ಕಾರ! ಐವತ್ತು ವರ್ಷ?" ಕ್ಲಾರಾ ಬಾಯಿ ಮೇಲೆ ಕೈಯಿಟ್ಟುಕೊಂಡರು.

ವತ್ಸಲಾ ನನ್ನನ್ನು ಮತ್ತೆ ತಿರುಗಿಸಿ, ದೂರ ಸರಿದು ನೋಡಿ ನಕ್ಕರು. "ಹಿಂ... ಹಿಂಗೂ ನಿಂತೈತಲ್ಲ!"

ಹೊಸ ಬಣ್ಣವನ್ನು ಅವರು ಮುಟ್ಟಲಿಲ್ಲ. ಬ್ರಷ್ಷನ್ನು ಬರಿ ನೀರಿನಲ್ಲಿ ಅದ್ದಿ, ಉಳಿದಿದ್ದ ಹಳದಿಯ ಅಂಚಿಗೆ ತಾಗಿಸಿದರು. ಐವತ್ತೆರಡು ವರ್ಷ ಒಣಗಿ ಕೂತಿದ್ದ ಬಣ್ಣ ಎಚ್ಚರಗೊಂಡು ಬ್ರಷ್ಷಿಗೆ ಅಂಟಿತು. ಅದನ್ನೇ ನಿಧಾನವಾಗಿ ಎಳೆದು ಬರಿದಾದ ಮೂಲೆಯನ್ನು ತುಂಬಿದರು. ಅಲ್ಲಿ ಹಳದಿ ತುಸು ತೆಳು. ಆದರೆ ಅದು ನನ್ನದೇ ಹಳದಿ.

ಈಗ ವತ್ಸಲಾ ಇಲ್ಲ. ಕ್ಲಾರಾ ನನ್ನನ್ನು ಧಾರವಾಡದ ಕಾಲೇಜೊಂದರ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಕೆಳಗೆ ವತ್ಸಲಾ ಅವರ ಹೆಸರು ಅಚ್ಚಾಗಿದೆ. ಬಿಸಿಲು ತಾಗಿದರೆ ನನ್ನ ಬಣ್ಣ ಮಾಸುತ್ತದೆ. ಅದಕ್ಕೆ ಮಧ್ಯಾಹ್ನ ಮೂರಾಗುತ್ತಲೇ ಗ್ರಂಥಾಲಯದ ಯಲ್ಲವ್ವ ಕಿಟಕಿಯ ಪರದೆ ಎಳೆಯುತ್ತಾರೆ. ಓದುತ್ತಿರುವ ಹುಡುಗಿಯರು, "ಕತ್ತಲಾತಲ್ರೀ" ಎಂದು ಗೊಣಗುತ್ತಾರೆ.

"ಲೈಟ್ ಹಾಕ್ಕೋರಿ. ಅದಕ್ಕ ಬಿಸಿಲು ಆಗೂದಿಲ್ಲ."

ಊರಿಗೆಲ್ಲ ಬೆಳಕು ಕೊಡುವ ಸೂರ್ಯನನ್ನೇ ನನಗಾಗಿ ಹೊರಗೆ ನಿಲ್ಲಿಸುತ್ತಾರೆ. ಒಂದು ರಟ್ಟಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು?